ಕವಿತೆ, ನೆನಪು, ಭಾಷಣ: ಇಂಗ್ಲಿಷ್ ತರಗತಿಯಿಂದ ಕಂಡ ಚರಿತ್ರೆ

ನಮ್ಮ ಶಾಲೆಯ ಎಂಟನೇ ತರಗತಿಗೆ ಸೇರುವಾಗ ನಾವು ಇಂಗ್ಲಿಷ್ ಕಲಿತು ಮೂರೇ ವರ್ಷವಾಗಿತ್ತು. ಐದನೇ ತರಗತಿಯಲ್ಲಿ ಎಬಿಸಿಡಿ ತಿದ್ದಿದ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪೀರಿಯಡ್ ಎಂದರೆ ಅಂಜಿಕೆ. ಪರೀಕ್ಷೆಗೆ ಮುಂಚಿನ ಪುನರಾವರ್ತನೆಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಬರಹಗಳನ್ನು ಭಾಷಣ, ನೆನಪು, ಕವಿತೆ ಎಂದು ವಿಂಗಡಿಸಿ ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಹೇಳಿದವರು ಯಾರು? ಯಾರಿಗೆ ಹೇಳಿದರು? ಯಾವಾಗ? ಏಕೆ? ಉತ್ತರವನ್ನು ಕನ್ನಡದಲ್ಲಿ ಕೊಟ್ಟರೂ ಒಪ್ಪುತ್ತಿದ್ದರು. ಅವು ಅಂಕಕ್ಕಾಗಿ ಕೇಳುವ ಪ್ರಶ್ನೆಗಳೆಂದು ನಾವು ತಿಳಿದಿದ್ದೆವು. ಯಾವುದೇ ದಾಖಲೆ ಕೈಗೆ ಬಂದಾಗ ಚರಿತ್ರೆಕಾರರು ಮೊದಲು ಕೇಳುವುದೂ ಇವನ್ನೇ ಎಂಬುದು ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಹವ್ಯಾಸಕ್ಕೆಂದು ಚರಿತ್ರೆ ಓದತೊಡಗಿದಾಗ ಗೊತ್ತಾಯಿತು. ನಮ್ಮ ದೇಶದ ಮೂರು ಇಂಗ್ಲಿಷ್ ಬರಹಗಳಿಗೆ ಈ ಪ್ರಶ್ನೆಗಳನ್ನು ಕೇಳಿದರೆ ಏನು ಸಿಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಕವಿತೆ. ರವೀಂದ್ರನಾಥ ಟಾಗೋರರ ಇಂಗ್ಲಿಷ್ ಗೀತಾಂಜಲಿಯ 35ನೇ ಕವಿತೆಯನ್ನು ಕೇಳದ ಶಾಲಾ ಮಕ್ಕಳು ಕಡಿಮೆ. ಮನಸ್ಸಿಗೆ ಭಯವಿಲ್ಲದ, ಅರಿವಿಗೆ ಅಡ್ಡಿಯಿಲ್ಲದ ನಾಡಾಗಿ ತನ್ನ ದೇಶ ಎಚ್ಚರಗೊಳ್ಳಲಿ ಎಂಬ ಪ್ರಾರ್ಥನೆ ಅದು. ಇಂಗ್ಲಿಷ್ ಗೀತಾಂಜಲಿ 1912ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮರುವರ್ಷ ಕವಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಈ ಕವಿತೆಯ ಮೂಲ ಬಂಗಾಳಿ, 1901ರ 'ನೈವೇದ್ಯ' ಸಂಕಲನದ್ದು. ಅನುವಾದಿಸಿದವರು ಟಾಗೋರರೇ. ಮೂಲದಲ್ಲಿ ಕವಿ ಭಾರತದ ಹೆಸರು ಹಿಡಿದು, ತಂದೆಯಾದ ದೇವರು ತನ್ನ ಕೈಯಿಂದಲೇ ನಿರ್ದಯವಾಗಿ ಪೆಟ್ಟು ಕೊಟ್ಟು ದೇಶವನ್ನು ಎಬ್ಬಿಸಲಿ ಎಂದು ಬೇಡುತ್ತಾರೆ. ಇಂಗ್ಲಿಷಿನಲ್ಲಿ ಆ ಪೆಟ್ಟು ಇಲ್ಲ, ಭಾರತದ ಹೆಸರೂ ಇಲ್ಲ. ಕವಿ ಒಬ್ಬರೇ, ಆದರೆ ಕೇಳುವವರು ಬೇರೆ. 'ಯಾರಿಗೆ?' ಎಂಬ ಪ್ರಶ್ನೆಯನ್ನು ಬಿಟ್ಟರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೆಯದು ನೆನಪು. ಡಾ. ಬಿ.ಆರ್. ಅಂಬೇಡ್ಕರ್ ಅವರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಪುಟ್ಟ ಪುಸ್ತಕದ ಮೊದಲ ಪ್ರಸಂಗ ನಡೆದದ್ದೂ ಅದೇ 1901ರಲ್ಲಿ. ಸತಾರಾದಲ್ಲಿದ್ದ ಬಾಲಕ ಭೀಮರಾವ್ ಬೇಸಿಗೆ ರಜೆಯಲ್ಲಿ ಅಣ್ಣ ಮತ್ತು ಅಕ್ಕನ ಮಗನ ಜೊತೆ, ಗೋರೇಗಾಂವ್‌ನಲ್ಲಿ ಕ್ಯಾಷಿಯರ್ ಆಗಿದ್ದ ತಂದೆಯನ್ನು ನೋಡಲು ಹೊರಟರು. ಮಕ್ಕಳು ಸಂಜೆ ಮಸೂರ್ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ; ಅವರು ಬರೆದ ಕಾಗದ ತಂದೆಯ ಕೈ ಸೇರಿರಲಿಲ್ಲ. ಮಕ್ಕಳು ಮಹಾರ್ ಜಾತಿಯವರೆಂದು ತಿಳಿದ ಕೂಡಲೇ ಗಾಡಿಯವರಾರೂ ಬಾಡಿಗೆಗೆ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ಬುತ್ತಿ ಇತ್ತು, ಕುಡಿಯುವ ನೀರು ಸಿಗಲಿಲ್ಲ. ಮಕ್ಕಳು ಆ ರಾತ್ರಿ ಹಸಿದೇ ಮಲಗಿದರು.

ಶಾಲೆಯ ವಿಷಯವೂ ಆ ಬರಹದಲ್ಲಿದೆ. ತರಗತಿಯಲ್ಲಿ ಅವರು ಬೇರೆ ಮೂಲೆಯಲ್ಲಿ, ತಾವೇ ತಂದ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಸಂಜೆ ಅದನ್ನು ಮನೆಗೆ ಒಯ್ಯಬೇಕಿತ್ತು, ಏಕೆಂದರೆ ಶಾಲೆ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲ. ನೀರು ಕೊಡಲು ಜವಾನ ಬೇಕು. ಜವಾನ ಬರದ ದಿನ ನೀರಿಲ್ಲ.

ಇದಕ್ಕೂ ನಾಲ್ಕು ಪ್ರಶ್ನೆ ಕೇಳೋಣ. ಘಟನೆ 1901ರದು. ಅದನ್ನು ಬರೆದದ್ದು ಸುಮಾರು 1935ರಲ್ಲಿ. ಪೀಪಲ್ಸ್ ಎಜುಕೇಷನ್ ಸೊಸೈಟಿ ಪುಸ್ತಕವಾಗಿ ಹೊರತಂದದ್ದು 1990ರಲ್ಲಿ. ಬರೆದದ್ದು ಮುಖ್ಯವಾಗಿ ಅಸ್ಪೃಶ್ಯತೆಯನ್ನು ಹತ್ತಿರದಿಂದ ಕಾಣದ ವಿದೇಶಿಯರಿಗಾಗಿ. ಆದ್ದರಿಂದಲೇ ಕೋಪದ ಮಾತಿಗಿಂತ ವಿವರ ಹೆಚ್ಚು: ಯಾವ ನಿಲ್ದಾಣ, ಎಷ್ಟು ಬಾಡಿಗೆ, ಯಾರು ಏನೆಂದರು. ಬಂಗಾಳದಲ್ಲಿ ಕವಿಯೊಬ್ಬರು ಭಯವಿಲ್ಲದ ನಾಡಿಗಾಗಿ ಬೇಡಿಕೊಂಡ ವರ್ಷವೇ ಸತಾರಾದ ಮಕ್ಕಳಿಗೆ ಒಂದು ಲೋಟ ನೀರು ಸಿಗಲಿಲ್ಲ. ಕವಿತೆಯನ್ನಷ್ಟೇ ಓದಿದವರಿಗೆ 1901ರ ಅರ್ಧ ಮಾತ್ರ ತಿಳಿಯುತ್ತದೆ.

ಮೂರನೆಯದು ಭಾಷಣ. ನೀರು ಸಿಗದ ಆ ಬಾಲಕನೇ ದೊಡ್ಡವರಾಗಿ, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದರು. ಸಂವಿಧಾನ ಅಂಗೀಕಾರವಾದದ್ದು ಮರುದಿನ. ಅದು ಸಂಭ್ರಮದ ಹೊತ್ತು. ಅಭಿನಂದನೆ ಹೇಳಿ ಕುಳಿತುಕೊಳ್ಳಬಹುದಿತ್ತು. ಅವರು ಕೊಟ್ಟದ್ದು ಎಚ್ಚರಿಕೆ. 1950ರ ಜನವರಿ 26ರಿಂದ ರಾಜಕೀಯದಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆ ಇರುತ್ತದೆ, ಆದರೆ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಹಾಗೆಯೇ ಉಳಿಯುತ್ತದೆ. ಈ ವಿರೋಧವನ್ನು ಬೇಗ ನೀಗದಿದ್ದರೆ ಪ್ರಜಾಪ್ರಭುತ್ವಕ್ಕೇ ಅಪಾಯ ಎಂದರು. ರಾಜಕೀಯದಲ್ಲಿ ವ್ಯಕ್ತಿಪೂಜೆ ಬೇಡವೆಂದೂ ಹೇಳಿದರು. ಸಭೆಯ ಎದುರಿನ ಈ ಮಾತಿನಲ್ಲಿ ಗೋಣಿತಟ್ಟಾಗಲಿ ಎತ್ತಿನಗಾಡಿಯಾಗಲಿ ಬರುವುದಿಲ್ಲ. ಆದರೂ ನೆನಪಿನ ಬರಹವನ್ನು ಓದಿದವರಿಗೆ ಆ ಎಚ್ಚರಿಕೆ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಟಾಗೋರರ ಮನೆಮಾತು ಬಂಗಾಳಿ, ಅಂಬೇಡ್ಕರರದು ಮರಾಠಿ. ಕನ್ನಡದ ಮಕ್ಕಳಾದ ನಮಗೆ ಇಬ್ಬರ ಮಾತೂ ತಲುಪಿದ್ದು ಇಂಗ್ಲಿಷಿನ ಮೂಲಕ. ಕೆಲಸ ಸಿಗಲೆಂದು ಇಂಗ್ಲಿಷ್ ಕಲಿಯಿರಿ ಎಂದು ಹಿರಿಯರು ಹೇಳುತ್ತಿದ್ದರು, ಅದು ಸುಳ್ಳಲ್ಲ. ನನ್ನ ಅನ್ನವೂ ಅದರಿಂದಲೇ. ಆದರೆ ಆ ತರಗತಿ ಕಲಿಸಿದ ಪ್ರಶ್ನೆಗಳು ಯಾವ ಭಾಷೆಯ ಬರಹಕ್ಕೂ ಸಲ್ಲುತ್ತವೆ.

ಈ ಸಂಚಿಕೆಗೂ ಸಲ್ಲುತ್ತವೆ. ಸ್ಮರಣ ಸಂಚಿಕೆಯೆಂದರೆ ಭಾಷಣ, ನೆನಪು, ಕವನಗಳೇ ತಾನೆ? ವೇದಿಕೆಯ ಭಾಷಣಗಳು ಹೇಗೂ ಅಚ್ಚಾಗುತ್ತವೆ. ಕಡಿಮೆಯಾಗುವುದು ನೆನಪುಗಳು. ಈ ಶಾಲೆಯ ಮೊದಲ ತಂಡದವರು ಈಗ ಅರವತ್ತು ದಾಟಿದ್ದಾರೆ. ಯಾರು ಯಾವ ದಿನ ಸೇರಿದರೆಂದು ದಾಖಲಾತಿ ಪುಸ್ತಕ ಹೇಳುತ್ತದೆ. ತರಗತಿಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ಯಾರು ಯಾವ ಕೊಡದ ನೀರು ಕುಡಿದರು, ಎಷ್ಟು ಹೆಣ್ಣುಮಕ್ಕಳು ಏಳನೇ ತರಗತಿಗೇ ಓದು ಬಿಟ್ಟರು ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ. ಅದನ್ನು ಹೇಳಬಲ್ಲ ಹಿರಿಯರು ನಮ್ಮ ಓಣಿಗಳಲ್ಲೇ ಇದ್ದಾರೆ. ಸಿಹಿ ನೆನಪುಗಳ ಜೊತೆಗೆ ಕಹಿ ನೆನಪುಗಳನ್ನೂ ಬರೆದಿಟ್ಟರೆ ಶಾಲೆಯ ಗೌರವಕ್ಕೆ ಕುಂದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ವರ್ಷ ಒಬ್ಬೊಬ್ಬರೂ ಊರಿನ ಒಬ್ಬ ಹಿರಿಯರ ಬಳಿ ಕೂತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ತಾರೀಖು ಹಾಕಿ ಶಾಲೆಯ ಗ್ರಂಥಾಲಯಕ್ಕೆ ಕೊಡೋಣ. ಮೊಬೈಲಿನಲ್ಲಿ ಧ್ವನಿ ಹಿಡಿದರೂ ಸರಿ, ಅಕ್ಷರಕ್ಕಿಳಿಸುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಶಾಲೆಯ ನೂರನೇ ವರ್ಷದಲ್ಲಿ ಚರಿತ್ರೆ ಬರೆಯಲು ಕೂರುವ ಮಕ್ಕಳಿಗೆ ಅವು ಬೇಕಾಗುತ್ತವೆ.

(ಲೇಖಕರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್)