ನೆಹರೂ ಪ್ಲೇಸಿನ ಡಬ್ಬಿಯೂ ನಮ್ಮ ಮನೆಯ ಕನ್ನಡವೂ

ದಿಲ್ಲಿ ಕನ್ನಡಿಗರ ಚರಿತ್ರೆ ಬರೆಯುವವರು ಸಂಘ, ಶಾಲೆ, ನಾಟಕ, ರಾಜ್ಯೋತ್ಸವಗಳ ವಿಷಯ ಬರೆದಾರು. ಮನೆಮನೆಯ ಮೂಲೆಯಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದ್ದು ಕುಳಿತಿದ್ದ ಗಣಕಯಂತ್ರದ ವಿಷಯ ಯಾರೂ ಬರೆಯುವ ಹಾಗೆ ಕಾಣುವುದಿಲ್ಲ. ಆದರೆ ಸುಮಾರು ಇಪ್ಪತ್ತು ವರ್ಷಗಳ ಕಾಲ ನಮ್ಮವರ ಮನೆಗಳ ಕಾಗದಪತ್ರ, ಸ್ಮರಣ ಸಂಚಿಕೆಗಳ ಬರಹ, ಹಿರಿಯರ ಆತ್ಮಕಥೆ ಎಲ್ಲವೂ ಆ ಯಂತ್ರದ ಹೊಟ್ಟೆಯೊಳಗೇ ಹೋದವು. ಹೋದದ್ದರಲ್ಲಿ ಎಷ್ಟು ಹೊರಗೆ ಬಂತು ಎಂಬುದೇ ಪ್ರಶ್ನೆ. ಪದಾರ್ಥ ವಿಜ್ಞಾನ ಓದಿ ಸರ್ಕಾರಿ ಕಡತಗಳ ನಡುವೆ ಕುಳಿತಿರುವ ನಮ್ಮಂಥವರಿಗೆ ನೆರೆಹೊರೆಯವರಿಂದ ಈ ಬಗ್ಗೆ ಆಗಾಗ ಕರೆ ಬರುವುದುಂಟು. ಆ ಕಾರಣದಿಂದ ಈ ನಾಲ್ಕು ಮಾತು.

ಗಣಕಯಂತ್ರಕ್ಕೂ ದಿಲ್ಲಿಗೂ ಇರುವ ನಂಟು ಹಳೆಯದು. 1976ರಲ್ಲಿ ಶಿವ ನಾಡಾರ್ ಮತ್ತು ಅವರ ಗೆಳೆಯರು ದಿಲ್ಲಿಯ ಒಂದು ಬರಸಾತಿಯಿಂದ ಹೊರಟು ಹಿಂದುಸ್ತಾನ್ ಕಂಪ್ಯೂಟರ್ಸ್ ಕಟ್ಟಿದರು. ಯಮುನೆಯ ಆಚೆ ನೋಯ್ಡಾ ಹುಟ್ಟಿದ್ದೂ ಅದೇ ವರ್ಷ. ವಿದೇಶಿ ವಿನಿಮಯ ಕಾಯಿದೆಯ ಷರತ್ತಿಗೆ ಒಪ್ಪದೆ ಐ.ಬಿ.ಎಂ. ಕಂಪನಿ 1978ರಲ್ಲಿ ದೇಶ ಬಿಟ್ಟಿದ್ದು ಇಂಥ ದೇಶೀ ಕಂಪನಿಗಳಿಗೆ ಅನುಕೂಲವೇ ಆಯಿತು. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿಯವರ ಸರ್ಕಾರ ಹೊಸ ಗಣಕ ನೀತಿ ತಂದು ಆಮದಿನ ಬಿಗಿಯನ್ನು ಸಡಿಲಿಸಿತು. ಅದೇ ಸುಮಾರಿಗೆ 'ಕ್ಲಾಸ್' ಎಂಬ ಯೋಜನೆಯಲ್ಲಿ ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಯಂತ್ರಗಳು ಬಂದವು. ಆದರೂ ನಮ್ಮವರಲ್ಲಿ ಹೆಚ್ಚಿನವರು ಗಣಕಯಂತ್ರದ ಮಹಿಮೆಯನ್ನು ಮೊದಲು ಕಂಡದ್ದು ರೈಲ್ವೆ ಕೌಂಟರಿನಲ್ಲಿ. 1985-86ರಲ್ಲಿ ಹೊಸದಿಲ್ಲಿಯಲ್ಲಿ ಆರಂಭವಾದ ಗಣಕೀಕೃತ ಮುಂಗಡ ಟಿಕೇಟು, ಬೇಸಿಗೆ ರಜೆಗೆ ಊರಿಗೆ ಹೊರಟವರ ಅರ್ಧ ದಿನದ ಸರದಿಯನ್ನು ಕಡಿಮೆ ಮಾಡಿತಲ್ಲ, ಅಷ್ಟು ಸಾಕಿತ್ತು ಭಕ್ತಿ ಹುಟ್ಟಲು.

ಮನೆಯೊಳಕ್ಕೆ ಯಂತ್ರ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಮುಖ್ಯವಾಗಿ ನೆಹರೂ ಪ್ಲೇಸಿನ ಮೂಲಕ. 1962ರ ದಿಲ್ಲಿ ಮಾಸ್ಟರ್ ಪ್ಲಾನಿನ 'ಜಿಲ್ಲಾ ಕೇಂದ್ರ'ಗಳ ಕಲ್ಪನೆಯಿಂದ ಹುಟ್ಟಿ, ಎಪ್ಪತ್ತರ ದಶಕದಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕೈಯಿಂದ ಏಳತೊಡಗಿದ ಈ ಕಚೇರಿಗಳ ಸಂಕೀರ್ಣ, ಬರಬರುತ್ತಾ ಗಣಕಯಂತ್ರದ ಸಂತೆಯಾಯಿತು. ಮೇಲಿನ ಮಹಡಿಗಳಲ್ಲಿ ಕಂಪನಿಗಳು. ಕೆಳಗಿನ ಅಂಗಳದಲ್ಲಿ ಸಿ.ಡಿ., ಕೇಬಲ್, ಹಳೆಯ ಕೀಲಿಮಣೆಗಳ ರಾಶಿ. ಅಮೆರಿಕ ಸರ್ಕಾರ ಪ್ರಕಟಿಸುವ 'ಕುಖ್ಯಾತ ಮಾರುಕಟ್ಟೆ'ಗಳ ಪಟ್ಟಿಯಲ್ಲೂ ಅದರ ಹೆಸರು ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಕಂಪನಿಯ ಮುದ್ರೆ ಇರುವ ಯಂತ್ರ ಕೊಳ್ಳಲಾರದ ಗುಮಾಸ್ತ ವರ್ಗದವರು ಅಲ್ಲಿಗೆ ಹೋಗಿ ಪ್ರೊಸೆಸರು ಒಂದು ಕಡೆ, ಮದರ್‌ಬೋರ್ಡು ಇನ್ನೊಂದು ಕಡೆ, ಕ್ಯಾಬಿನೆಟ್ಟು ಮತ್ತೊಂದು ಕಡೆ ಚೌಕಾಸಿ ಮಾಡಿ 'ಅಸೆಂಬಲ್ಡ್' ಯಂತ್ರ ಕಟ್ಟಿಸಿಕೊಂಡು ಆಟೋರಿಕ್ಷಾದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ತಂದರು. 1997ರ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸೇರಿದ ಮೇಲೆ ಆಮದು ಸುಂಕ ಹಂತಹಂತವಾಗಿ ಇಳಿದದ್ದೂ ನೆರವಾಯಿತು. ಕೇಂದ್ರ ಸರ್ಕಾರಿ ನೌಕರರಿಗಂತೂ ಗಣಕಯಂತ್ರದ ಮುಂಗಡ ಸಾಲವೂ ಉಂಟು. ಏಳನೆಯ ವೇತನ ಆಯೋಗದ ನಂತರ 2016ರ ಆದೇಶದಲ್ಲಿ ಅದರ ಮಿತಿ 50,000 ರೂಪಾಯಿ.

ಯಂತ್ರ ಬಂತು, ಅದರ ಬೆನ್ನಿಗೇ ಅದರ ಕಾಯಿಲೆಗಳೂ ಬಂದವು. ದಿಲ್ಲಿಯ ಹವೆ ಮನುಷ್ಯನಿಗೇ ಕಷ್ಟ, ಇನ್ನು ಯಂತ್ರದ ಪಾಡೇನು? ಮೊದಲನೆಯದು ವಿದ್ಯುತ್ತು. 2002ರ ಜುಲೈಯಲ್ಲಿ ದಿಲ್ಲಿ ವಿದ್ಯುತ್ ಮಂಡಲಿಯ ವಿತರಣೆ ಖಾಸಗಿಯವರ ಕೈಗೆ ಹೋಗುವ ಮೊದಲಿನ ಬೇಸಿಗೆಗಳನ್ನು ಕಂಡವರು ಮರೆತಿರಲಾರರು. ಯಂತ್ರದ ಬೆಲೆ ಹೊಂದಿಸಿದವರು ಯು.ಪಿ.ಎಸ್.ಗೂ ಹಣ ಹೊಂದಿಸಬೇಕಾಗುತ್ತಿತ್ತು. ಎರಡನೆಯದು ಧೂಳು. ಮೇ, ಜೂನಿನ ಆಂಧಿ ಎದ್ದರೆ ಮುಚ್ಚಿದ ಕಿಟಕಿಯ ಸಂದಿಯಿಂದಲೂ ಮಣ್ಣು ನುಗ್ಗಿ ಪ್ರೊಸೆಸರಿನ ಫ್ಯಾನಿಗೆ ಕಂಬಳಿಯಂತೆ ಮೆತ್ತಿಕೊಳ್ಳುತ್ತದೆ. ಗಾಳಿಯಾಡದೆ ಬಿಸಿಯೇರಿ ಯಂತ್ರ ತಾನಾಗಿ ಆರುತ್ತದೆ. ಜನ ಅದನ್ನು 'ವೈರಸ್' ಎನ್ನುತ್ತಿದ್ದರು! ಮೂರನೆಯದು ಕೂಲರು. ಒಂದೇ ಕೋಣೆಯಲ್ಲಿ ಕೂಲರೂ ಕಂಪ್ಯೂಟರೂ ಇದ್ದ ಕ್ವಾರ್ಟರ್ಸುಗಳಲ್ಲಿ ತೇವದ ಗಾಳಿ ಮೆಮೊರಿ ಪಟ್ಟಿಯ ಲೋಹದ ಹಲ್ಲುಗಳನ್ನು ಮಬ್ಬಾಗಿಸುತ್ತಿತ್ತು. ಗುಂಡಿ ಒತ್ತಿದರೆ ಪರದೆ ಕಪ್ಪು, ಒಳಗಿನಿಂದ 'ಬೀಪ್, ಬೀಪ್' ಎಂಬ ಕೂಗು. ನೆಹರೂ ಪ್ಲೇಸಿನ ಹುಡುಗ ಬಂದು ಪಟ್ಟಿಯನ್ನು ತೆಗೆದು, ಶಾಲೆಯ ಮಗುವಿನ ರಬ್ಬರಿನಿಂದ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸಿದರೆ ಯಂತ್ರಕ್ಕೆ ಜೀವ ಬರುತ್ತಿತ್ತು. ಅದಕ್ಕೆ ಅವನು ಕೇಳುತ್ತಿದ್ದ ಹಣ ಹೆಚ್ಚೆಂದು ಗೊಣಗಿದವರಿದ್ದಾರೆ. ರಬ್ಬರಿಗಲ್ಲ, ಎಲ್ಲಿ ಉಜ್ಜಬೇಕೆಂಬ ತಿಳಿವಳಿಕೆಗೆ ಆ ಹಣ ಎಂಬುದು ನಮ್ಮ ಅಭಿಪ್ರಾಯ.

ಇನ್ನೂ ಕೆಲವಿದ್ದವು. ಅಮೆರಿಕದಲ್ಲಿದ್ದ ಮಗನೋ ಭಾವಮೈದುನನೋ ಪ್ರೀತಿಯಿಂದ ಹೊತ್ತು ತಂದ ಯಂತ್ರದ ಬೆನ್ನಿನಲ್ಲಿ ಚಿಕ್ಕದೊಂದು ಕೆಂಪು ಗುಂಡಿ ಇರುತ್ತಿತ್ತು, 115 ಮತ್ತು 230 ಎಂಬ ಎರಡು ಅಂಕಿಗಳೊಡನೆ. ಅಲ್ಲಿಯ ವೋಲ್ಟೇಜು ಇಲ್ಲಿಯದರ ಅರ್ಧ. ಗುಂಡಿ ಸರಿಸದೆ ಪ್ಲಗ್ಗು ಚುಚ್ಚಿದರೆ 'ಢಬ್' ಎಂದು ಸದ್ದಾಗಿ ಸುಟ್ಟ ವಾಸನೆ ಬರುತ್ತಿತ್ತು. ಪ್ರೀತಿಯ ಕಾಣಿಕೆ ಅಲ್ಲಿಗೆ ಮುಗಿಯಿತು. 2000ದ ಆಸುಪಾಸಿನಿಂದ ಕೆಲವು ವರ್ಷ ಪ್ರಪಂಚದಾದ್ಯಂತ ಕೆಟ್ಟ ಕೆಪಾಸಿಟರುಗಳು ಮದರ್‌ಬೋರ್ಡುಗಳಲ್ಲಿ ಸೇರಿಕೊಂಡವು. ಅವುಗಳ ತಲೆ ಪೂರಿಯಂತೆ ಉಬ್ಬಿ ಯಂತ್ರ ನಿಲ್ಲುತ್ತಿತ್ತು. ಬೋರ್ಡನ್ನೇ ಎಸೆಯದೆ, ಬೆಸುಗೆ ಹಾಕಿ ಕೆಪಾಸಿಟರನ್ನು ಬದಲಾಯಿಸುವ ಕುಶಲಿಗಳು ನೆಹರೂ ಪ್ಲೇಸಿನಲ್ಲಿದ್ದರು. ನಾಣ್ಯದಂಥ 3 ವೋಲ್ಟಿನ ಸೆಲ್ಲು ಸತ್ತರೆ ಯಂತ್ರದ ಗಡಿಯಾರ ಹಳೆಯ ವರ್ಷಕ್ಕೆ ಓಡುತ್ತದೆ. ಆಮೇಲೆ ಅಂತರಜಾಲದ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಯಾಕೆಂದರೆ ಅವುಗಳ ಪ್ರಮಾಣಪತ್ರದ ತಾರೀಖಿಗೂ ಈ ತಾರೀಖಿಗೂ ತಾಳೆಯಾಗುವುದಿಲ್ಲ. ಸಂಪರ್ಕ ಕೆಟ್ಟಿದೆ ಎಂದು ದೂರವಾಣಿ ಇಲಾಖೆಯನ್ನು ಶಪಿಸಿದ ಎಷ್ಟೋ ಮಂದಿಗೆ ಬೇಕಾಗಿದ್ದದ್ದು ಒಂದು ಸೆಲ್ಲು.

ಇವೆಲ್ಲ ಹಿಂದಿಯವರಿಗೂ ಪಂಜಾಬಿಯವರಿಗೂ ಸಮಾನವಾಗಿದ್ದ ಕಷ್ಟಗಳು. ನಮಗೆ ಮಾತ್ರ ಮೀಸಲಾಗಿದ್ದ ಕಷ್ಟವೆಂದರೆ ಕನ್ನಡ ಅಕ್ಷರ.

ಅದರ ಮೂಲವನ್ನು ಸ್ವಲ್ಪ ವಿವರಿಸಬೇಕು. ಗಣಕಯಂತ್ರದ ಲೆಕ್ಕದಲ್ಲಿ ಒಂದು ಬೈಟಿಗೆ 256 ಮನೆಗಳು. ಕನ್ನಡದ 34 ವ್ಯಂಜನಗಳ ಕಾಗುಣಿತವೇ ನಾನ್ನೂರು ದಾಟುತ್ತದೆ, ಒತ್ತಕ್ಷರಗಳು ಬೇರೆ. ಆದ್ದರಿಂದ ಮೊದಲಿನವರು ಅಕ್ಷರವನ್ನು ಚೂರು ಮಾಡಿ, ತಲಕಟ್ಟು, ಕೊಂಬು, ದೀರ್ಘ, ಒತ್ತುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕೂರಿಸಿದರು. ಯಂತ್ರಕ್ಕೆ ತಾನು ಬರೆಯುತ್ತಿರುವುದು ಕನ್ನಡವೆಂದೇ ಗೊತ್ತಿರಲಿಲ್ಲ. ವಿಚಿತ್ರ ಚಿಹ್ನೆಗಳ ಇಂಗ್ಲಿಷ್ ಎಂದುಕೊಂಡಿತ್ತು. ಕನ್ನಡದ ಅಕ್ಷರವಿನ್ಯಾಸ, ಅಂದರೆ ಫಾಂಟು, ಇದ್ದರೆ ಕನ್ನಡ. ಇಲ್ಲದಿದ್ದರೆ ನೆತ್ತಿಯ ಮೇಲೆ ಸೊಟ್ಟ ಗೆರೆ ಹೊತ್ತ ರೋಮನ್ ಅಕ್ಷರಗಳ ಗೊಂದಲ.

ಈ ಕೆಲಸದಲ್ಲಿ ದುಡಿದವರನ್ನು ಸ್ಮರಿಸದಿರಲಾಗದು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸ ರೂಪಿಸಿ, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. ಅವರ ಕೀಲಿಮಣೆಯೇ ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸಕ್ಕೆ ತಳಹದಿಯಾಯಿತು. ಐ.ಐ.ಟಿ. ಕಾನ್ಪುರದಲ್ಲಿ ಬೆಳೆದು ಪುಣೆಯ ಸಿ-ಡ್ಯಾಕ್‌ಗೆ ಹೋದ 'ಜಿಸ್ಟ್' ಎಂಬ ತಂತ್ರ ಯಂತ್ರದೊಳಗೆ ಸಿಕ್ಕಿಸುವ ಕಾರ್ಡಿನ ರೂಪದಲ್ಲಿ ಬಂದಿತ್ತು; ಸರ್ಕಾರಿ ಕಚೇರಿಗೆ ಸರಿ, ಮನೆಗೆ ಎಟುಕುವಂಥದ್ದಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'. ಊರಿನಿಂದ ಬಂದವರು ಚಕ್ಲಿ, ಹಪ್ಪಳದ ಜೊತೆ ಫ್ಲಾಪಿಯಲ್ಲಿ ಇವನ್ನೂ ತಂದರು. ರಾಮಕೃಷ್ಣಪುರದ ಕ್ವಾರ್ಟರ್ಸಿನಲ್ಲಿ ಕುಳಿತು ತಾಯಿಗೆ ಕನ್ನಡದಲ್ಲಿ ಪತ್ರ ಅಚ್ಚು ಹಾಕುವ ಸಂಭ್ರಮ ಆ ತಲೆಮಾರಿಗೆ ಸಿಕ್ಕಿತು.

ಇತ್ತ ಪ್ರಪಂಚದ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಮನೆಗಳನ್ನು ಹಂಚುವ ಯುನಿಕೋಡ್ ಎಂಬ ಏರ್ಪಾಟು ಆಗಲೇ ಹುಟ್ಟಿತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಸಿಕ್ಕಿದೆ. ಆದರೆ ಕೇರಿ ಇದ್ದರೇನು, ದಾರಿ ಇರಬೇಕಲ್ಲ? ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಮಾತ್ರ ಇದ್ದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಬಂತು; ಅಕ್ಷರವಿನ್ಯಾಸಕ್ಕೆ 'ತುಂಗಾ' ಎಂದು ನಮ್ಮ ಹೊಳೆಯ ಹೆಸರೇ. ಇಷ್ಟಾದರೂ ದಿಲ್ಲಿಯ ಮನೆಗಳಲ್ಲಿ ಕನ್ನಡ ಸರಿಯಾಗಿ ಕಾಣಲಿಲ್ಲ. ಹಳೆಯ ವಿಂಡೋಸ್ 98ರಲ್ಲಿ ಬರೀ ಚೌಕಗಳು. ಎಕ್ಸ್‌ಪಿಯಲ್ಲಿ ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ, ನಡುವೆ ಚುಕ್ಕಿಗಳ ವೃತ್ತ. ಕಾರಣ ಸಣ್ಣದು. ಕಂಟ್ರೋಲ್ ಪ್ಯಾನೆಲಿನಲ್ಲಿ ಪ್ರಾದೇಶಿಕ ಭಾಷೆಗಳ ಪುಟ ತೆರೆದು 'ಸಂಕೀರ್ಣ ಲಿಪಿ' ಎಂಬುದರ ಮುಂದೆ ಒಂದು ಗುರುತು ಹಾಕಬೇಕಾಗಿತ್ತು. ಗುರುತು ಹಾಕಿದೊಡನೆ ಯಂತ್ರ ಮೂಲ ಸಿ.ಡಿ. ಕೇಳುತ್ತಿತ್ತು. ನೆಹರೂ ಪ್ಲೇಸಿನ ಅಸೆಂಬಲ್ಡ್ ಯಂತ್ರಕ್ಕೆ ಮೂಲ ಸಿ.ಡಿ. ಎಲ್ಲಿಂದ ಬರಬೇಕು? ಹುಡುಗ ತನ್ನ ಜೇಬಿನ ಕಳ್ಳಪ್ರತಿಯಿಂದ ಹಾಕಿ ಹೋಗಿದ್ದ. ಅಗ್ಗದ ಯಂತ್ರದ ಬೆಲೆಯನ್ನು ಹೀಗೆ ಕನ್ನಡ ತೆತ್ತಿತು. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಆ ಗುರುತಿನ ಅಗತ್ಯ ತಪ್ಪಿತು. ಮೊಬೈಲ್ ಫೋನುಗಳಲ್ಲೂ ಅದೇ ಚೌಕಗಳ ಕಥೆ ಕೆಲಕಾಲ ನಡೆದು ಮುಗಿಯಿತು.

ಇದಕ್ಕಿಂತ ದೊಡ್ಡ ನಷ್ಟ ಬೇರೆ ದಾರಿಯಿಂದ ಬಂತು. ಯಂತ್ರ ನಿಧಾನವಾದರೂ, ವೈರಸ್ ಹಿಡಿದರೂ, ಮುದ್ರಣಯಂತ್ರ ಕೇಳದಿದ್ದರೂ ನೆಹರೂ ಪ್ಲೇಸಿನ ಹುಡುಗನ ಬಳಿ ಇದ್ದದ್ದು ಒಂದೇ ಮದ್ದು: 'ಫಾರ್ಮ್ಯಾಟ್ ಮಾರ್‌ನಾ ಪಡೇಗಾ, ಸಾಬ್.' ಸಿ ಡ್ರೈವು ತೊಳೆದುಹೋದರೆ ಅದರೊಂದಿಗೆ ನುಡಿ, ಬರಹ, ಅವುಗಳ ಫಾಂಟುಗಳೂ ಹೋಗುತ್ತಿದ್ದವು. ಕಡತಗಳ ಪ್ರತಿ ತೆಗೆಯುವಾಗ ಆತ ತೆರೆದು ನೋಡಿದರೆ ಸೊಟ್ಟ ಗೆರೆಯ ರೋಮನ್ ಗೊಂದಲ ಕಾಣುತ್ತಿತ್ತು. ಕನ್ನಡ ಅರಿಯದ ಅವನು ಅದನ್ನು ಕೆಟ್ಟ ಕಡತವೆಂದು ಬಗೆದು ಬಿಟ್ಟುಬಿಟ್ಟರೆ ಅವನನ್ನು ದೂರುವುದು ಹೇಗೆ? ಕನ್ನಡ ಬಲ್ಲ ಮನೆಯವರೇ ಹಾಗೆ ಬಗೆದು ಅಳಿಸಿದ್ದುಂಟು. ನಿವೃತ್ತರಾದ ಒಬ್ಬ ಹಿರಿಯರು ವರ್ಷಗಟ್ಟಲೆ ಕುಳಿತು ಟೈಪು ಮಾಡಿದ ತಮ್ಮ ಊರಿನ ಹಬ್ಬ, ಜಾತ್ರೆಗಳ ನೆನಪು, ಅವರು ಕಾಲವಾದ ಮೇಲೆ ಮಕ್ಕಳಿಗೆ ಬರೀ ಚಿಹ್ನೆಗಳಾಗಿ ಕಂಡಿತ್ತು. ಅದು ಕೆಟ್ಟಿರಲಿಲ್ಲ. ಫಾಂಟು ಹಾಕಿದೊಡನೆ ಪುಟ ತುಂಬ ಕನ್ನಡವಾಗಿ ನಿಂತಿತು.

ಅಟ್ಟದ ಮೇಲೆ ಹಳೆಯ ಡಬ್ಬಿ ಇಟ್ಟುಕೊಂಡವರು ಅದನ್ನು ಕಬಾಡಿಯವನಿಗೆ ಕೊಡುವ ಮುನ್ನ ತಡೆಯಬೇಕೆಂದು ನಮ್ಮ ವಿನಂತಿ. ಯಂತ್ರ ಏಳದಿದ್ದರೂ ಹಾರ್ಡ್ ಡಿಸ್ಕು ಚೆನ್ನಾಗಿರಬಹುದು. ಚಪ್ಪಟೆ ರಿಬ್ಬನ್ ಕೇಬಲಿನ ಹಳೆಯ ಡಿಸ್ಕನ್ನು ಯು.ಎಸ್.ಬಿ.ಗೆ ಜೋಡಿಸುವ ಅಡಾಪ್ಟರು ಸಿಗುತ್ತದೆ. ಡಿಸ್ಕು 'ಟಕ್ ಟಕ್' ಎಂದರೆ ಮಾತ್ರ ಪದೇಪದೇ ಚಾಲೂ ಮಾಡದೆ ತಿಳಿದವರ ಕೈಗೆ ಕೊಡಬೇಕು. ಮೊದಲು ಎಲ್ಲದರ ಪ್ರತಿ ತೆಗೆದು, ಕಡತದ ಫಾಂಟಿನ ಹೆಸರು ನೋಡಬೇಕು: 'ನುಡಿ' ಎಂದಿದೆಯೇ, 'ಬಿ.ಆರ್.ಎಚ್.' ಎಂದಿದೆಯೇ, 'ಶ್ರೀಲಿಪಿ'ಯೇ. ಮೊದಲ ಎರಡನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನ ಆಯಾ ತಂತ್ರಾಂಶದಲ್ಲೇ ಇದೆ. ಶ್ರೀಲಿಪಿಯ ಮನೆಗಳ ಹಂಚಿಕೆ ಬೇರೆ, ಅದಕ್ಕೆ ಬೇರೆ ಪರಿವರ್ತಕವೇ ಬೇಕು. ನಡುನಡುವೆ ಇರುವ ಇಂಗ್ಲಿಷ್ ಹೆಸರು, ವಿಳಾಸಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕೆಡಿಸುತ್ತದೆ. ಅರ್ಕಾವೊತ್ತು ಕೆಲವೆಡೆ ಜಾಗ ತಪ್ಪುತ್ತದೆ. ಹಳೆಯ ಮುದ್ರಿತ ಪ್ರತಿ ಇದ್ದರೆ ಪಕ್ಕದಲ್ಲಿಟ್ಟುಕೊಂಡು ಒಬ್ಬರು ಓದಿ ಇನ್ನೊಬ್ಬರು ತಿದ್ದುವುದು ಒಳ್ಳೆಯದು. ಶಾಲೆಯಲ್ಲಿ ಹಿಂದಿಯ ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿತ ಮಕ್ಕಳಿದ್ದರೆ ತಿದ್ದುವ ಕೆಲಸ ಅವರಿಗೇ ಕೊಡಬಹುದು. 1986ರಲ್ಲಿ ಸರ್ಕಾರ ಗೊತ್ತುಮಾಡಿದ ಆ ವಿನ್ಯಾಸದಲ್ಲಿ ಹಿಂದಿಯ ಕ ಇರುವ ಕೀಲಿಯಲ್ಲೇ ಕನ್ನಡದ ಕ ಇದೆ.