ಶೂ ಒಳಗೆ ಬಚ್ಚಿಟ್ಟ 32 ಡಾಲರ್

ನಾನು ವೈನ್ ಕುಡಿಯುವವನಲ್ಲ. ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಬ್ಯಾಂಕಿನ ಪಾರ್ಟಿಗಳಲ್ಲಿ ನನ್ನ ಕೈಯಲ್ಲಿರುವುದು ಲಿಂಬೆ ಸೋಡಾನೇ! ಆದರೂ ಇವತ್ತು ಒಂದು ಬಾಟಲಿ ವೈನಿನ ಕಥೆ ಹೇಳಬೇಕು ಅನ್ನಿಸಿದೆ. ರುಚಿಯ ಬಗ್ಗೆ ಹೇಳಲು ನನಗೆ ಯೋಗ್ಯತೆಯಿಲ್ಲ. ಹೇಳಬೇಕಾದದ್ದು ಅದನ್ನು ಮಾಡಿದವರ ಬಗ್ಗೆ. ಊರು ಬಿಟ್ಟು ಬಂದ ನಮಗೆಲ್ಲ ಅದು ಪರಿಚಿತ ಕಥೆ ಅನ್ನಿಸೀತು.

1976ರ ಮೇ 24. ಪ್ಯಾರಿಸ್‌ನಲ್ಲಿ ವೈನ್ ಅಂಗಡಿ ಇಟ್ಟುಕೊಂಡಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷಿನವರು ಒಂದು ಪರೀಕ್ಷೆ ಏರ್ಪಡಿಸಿದರು. ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬುವ ನೆಪ. ಶಾರ್ಡೊನೆ ಎಂಬ ಬಿಳಿ ದ್ರಾಕ್ಷಿಯ ತವರು ಫ್ರಾನ್ಸಿನ ಬರ್ಗಂಡಿ. ಅಲ್ಲಿನ 4 ವೈನುಗಳ ಎದುರು ಕ್ಯಾಲಿಫೋರ್ನಿಯಾದ 6 ಶಾರ್ಡೊನೆಗಳು. ಅಂಕ ಕೊಡಲು ಕೂತ 9 ಜನರೂ ಫ್ರೆಂಚರೇ. ಯಾವುದು ಯಾರದ್ದು ಎಂದು ಮಾತ್ರ ಅವರಿಗೆ ಹೇಳಿರಲಿಲ್ಲ. ಒಬ್ಬ ಪರೀಕ್ಷಕರಂತೂ ಕ್ಯಾಲಿಫೋರ್ನಿಯಾದ ವೈನ್ ಕುಡಿದು, ಆಹಾ, ಮತ್ತೆ ಫ್ರಾನ್ಸಿಗೆ ಬಂದೆವು ಎಂದು ಖುಷಿಪಟ್ಟರಂತೆ!

ಕೂಡಿಸಿ ನೋಡಿದಾಗ 180ಕ್ಕೆ 132 ಅಂಕ ಪಡೆದು ಮೊದಲು ಬಂದದ್ದು ನಾಪಾ ಕಣಿವೆಯ ಶಾಟೋ ಮಾಂಟೆಲೀನಾದ 1973ರ ಶಾರ್ಡೊನೆ. ಬರ್ಗಂಡಿಯ ಮರ್ಸೋ ಶಾರ್ಮ್ 126.5 ಪಡೆದು ಎರಡನೆಯದಾಯಿತು. ಪರೀಕ್ಷಕಿ ಒಡೆಟ್ ಕಾನ್ ತಮ್ಮ ಅಂಕಪಟ್ಟಿ ವಾಪಸು ಕೇಳಿದರು, ಸ್ಪರಿಯರ್ ಕೊಡಲಿಲ್ಲ. ಅಲ್ಲಿದ್ದ ಒಬ್ಬನೇ ಪತ್ರಕರ್ತ ಟೈಮ್ ಪತ್ರಿಕೆಯ ಜಾರ್ಜ್ ಟೇಬರ್. ಅವರು ಬರೆದದ್ದರಿಂದ ಸುದ್ದಿ ಜಗತ್ತಿಗೆ ಗೊತ್ತಾಯಿತು.

ಆ ವೈನ್ ಮಾಡಿದವರು ಮೈಕ್ ಗರ್ಗಿಚ್. ಹುಟ್ಟಿದ್ದು 1923ರಲ್ಲಿ, ಇಂದಿನ ಕ್ರೊಯೇಷಿಯಾದ ಡೆಸ್ನೆ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ಕೊನೆಯವರು. ಮನೆಯಲ್ಲಿ ಇಟ್ಟ ಹೆಸರು ಮಿಲ್ಯೆಂಕೊ, ಮೈಕ್ ಆದದ್ದು ಆಮೇಲೆ. 1954ರಲ್ಲಿ ಕಮ್ಯುನಿಸ್ಟ್ ಯುಗೊಸ್ಲಾವಿಯಾ ಬಿಟ್ಟು ಪಶ್ಚಿಮ ಜರ್ಮನಿಗೆ ಹೊರಟಾಗ ಶೂ ಅಟ್ಟೆಯೊಳಗೆ 32 ಡಾಲರ್ ಬಚ್ಚಿಟ್ಟುಕೊಂಡಿದ್ದರು. ಅಲ್ಲಿಂದ ಕೆನಡಾ, 1958ರಲ್ಲಿ ನಾಪಾ. ಹದಿನಾಲ್ಕು ವರ್ಷ ಒಂದರ ನಂತರ ಒಂದು ವೈನರಿಯಲ್ಲಿ ಬೇರೆಯವರ ಕೈಕೆಳಗೆ ದುಡಿದರು.

1972ರಲ್ಲಿ ಜಿಮ್ ಬ್ಯಾರೆಟ್ ಎಂಬ ವಕೀಲರು ಪಾಲುದಾರರೊಂದಿಗೆ ಮಾಂಟೆಲೀನಾವನ್ನು ಮತ್ತೆ ಎಬ್ಬಿಸಲು ಹೊರಟಾಗ ಗರ್ಗಿಚ್ ಅವರನ್ನು ಕರೆದರು. ಬ್ಯಾರೆಟ್‌ಗೆ ಬೇಕಾಗಿದ್ದದ್ದು ಕಬರ್ನೆ ಎಂಬ ಕೆಂಪು ವೈನ್. ಆದರೆ ಹೊಸ ಬಳ್ಳಿ ಫಲ ಕೊಡಬೇಕು, ವೈನ್ ಪೀಪಾಯಿಯಲ್ಲಿ ಹಣ್ಣಾಗಬೇಕು, ಅಲ್ಲಿಯವರೆಗೆ ಖರ್ಚಿಗೇನು? ಗರ್ಗಿಚ್ ಹಾಕಿಕೊಟ್ಟ ಲೆಕ್ಕ ಸರಳ: ಹೊರಗಿನಿಂದ ದ್ರಾಕ್ಷಿ ಕೊಂಡು ಬೇಗ ಮಾರಾಟವಾಗುವ ಬಿಳಿ ವೈನ್ ಮಾಡೋಣ. ನಮ್ಮ ಬ್ಯಾಂಕ್ ಭಾಷೆಯಲ್ಲಿ ಹೇಳಬೇಕೆಂದರೆ ಕ್ಯಾಶ್ ಫ್ಲೋ! ಪ್ಯಾರಿಸ್‌ನಲ್ಲಿ ಗೆದ್ದ ವೈನ್ ಹುಟ್ಟಿದ್ದು ಕನಸಿನಿಂದಲ್ಲ, ಕೈಖರ್ಚಿನ ಚಿಂತೆಯಿಂದ. ಸಾಲದ ಅರ್ಜಿಗಳನ್ನು ನೋಡುತ್ತಲೇ ವಯಸ್ಸಾದ ನನಗೆ ಇದು ಬಹಳ ಹಿಡಿಸಿತು.

ದ್ರಾಕ್ಷಿಯಲ್ಲಿ ಬಹುಪಾಲು ಬಂದದ್ದು ನಾಪಾದಿಂದಲ್ಲ, ಪಕ್ಕದ ಸೊನೋಮಾದಿಂದ. ಅದರಲ್ಲಿ 14 ಟನ್ ಬಾಸಿಗಲುಪಿ ಕುಟುಂಬದ ತೋಟದ್ದು. ಹೆಲೆನ್ ಬಾಸಿಗಲುಪಿ ತಾವೇ ಟ್ರಕ್ ಓಡಿಸಿಕೊಂಡು ತಂದುಹಾಕಿದ್ದರು. ಗರ್ಗಿಚ್ ರಸವನ್ನು ತಣ್ಣಗಿಟ್ಟು ನಿಧಾನವಾಗಿ ಹುದುಗಿಸಿದರು. ಸೇಬಿನಲ್ಲಿರುವಂಥ ಹುಳಿ ದ್ರಾಕ್ಷಿಯಲ್ಲೂ ಇರುತ್ತದೆ. ಅದನ್ನು ಮೃದುವಾಗಿಸುವ ಎರಡನೇ ಹುದುಗು ಆಗಲು ಅವರು ಬಿಡಲಿಲ್ಲ. ಆಮೇಲೆ ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಇಟ್ಟರು.

ಬಾಟಲಿಯ ಮೇಲೆ ಎದ್ದು ಕಾಣುವುದು ಶಾಟೋ ಹೆಸರು. ನಮ್ಮಲ್ಲೂ ಹಾಗೇ ತಾನೆ, ರಾತ್ರಿ ಕೂತು ನೋಟ್ ತಯಾರಿಸುವವನು ಒಬ್ಬ, ಕೆಳಗೆ ಸಹಿ ಇನ್ನೊಬ್ಬರದು. ಹಾಗೆಂದು ಬ್ಯಾರೆಟ್ ಪಾಲನ್ನು ಕಡಿಮೆ ಮಾಡುವಂತಿಲ್ಲ. ದುಡ್ಡು ಹಾಕಿ ಅಪಾಯ ಮೈಮೇಲೆ ಎಳೆದುಕೊಂಡವರು ಅವರು. ಆದರೆ 2008ರ 'ಬಾಟಲ್ ಶಾಕ್' ಸಿನಿಮಾ ಬ್ಯಾರೆಟ್ ತಂದೆ-ಮಗನ ಕಥೆಯಾಯಿತು, ಗರ್ಗಿಚ್ ಅದರಲ್ಲಿ ಇದ್ದೂ ಇಲ್ಲದಂತೆ.

ಅಷ್ಟು ಹೊತ್ತಿಗೆ ಅವರ ಉತ್ತರ ಹಳೆಯದಾಗಿತ್ತು ಬಿಡಿ. 1977ರಲ್ಲೇ ಮಾಂಟೆಲೀನಾ ಬಿಟ್ಟು, ಆಸ್ಟಿನ್ ಹಿಲ್ಸ್ ಜೊತೆ ಸೇರಿ, ಜುಲೈ 4ರಂದು 'ಗರ್ಗಿಚ್ ಹಿಲ್ಸ್' ಶುರು ಮಾಡಿದ್ದರು. ಐವತ್ನಾಲ್ಕನೇ ವಯಸ್ಸಿನಲ್ಲಿ, ಅಂದರೆ ನಾವು ವಿ.ಆರ್.ಎಸ್. ಲೆಕ್ಕ ಹಾಕುವ ವಯಸ್ಸಿನಲ್ಲಿ! 1980ರಲ್ಲಿ ಶಿಕಾಗೊದಲ್ಲಿ 221 ಶಾರ್ಡೊನೆಗಳನ್ನು ಪರೀಕ್ಷೆಗಿಟ್ಟಾಗ ಮೊದಲು ಬಂದದ್ದು ಅವರದೇ 1977ರ ವೈನ್. ಈ ಸಲ ಬಾಟಲಿಯ ಮೇಲೆ ಅವರ ಹೆಸರೂ ಇತ್ತು.

ಗರ್ಗಿಚ್ 2023ರ ಡಿಸೆಂಬರ್‌ನಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು. ಆ 1973ರ ಬಾಟಲಿಯೊಂದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದೆ. ಊರು ಬಿಟ್ಟಾಗ ಅವರ ಕೈಯಲ್ಲಿದ್ದ ಹಳೇ ಸೂಟ್‌ಕೇಸೂ ಅಲ್ಲಿಗೇ ಸೇರಿದೆ.

ಗದಗಿನಿಂದ ತಂದ ನನ್ನ ತಗಡಿನ ಟ್ರಂಕ್ ಇನ್ನೂ ಮನೆಯ ಲಾಫ್ಟ್ ಮೇಲಿದೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗಲೆಲ್ಲ ಭಂಗಾರ್‌ವಾಲಾನಿಗೆ ಕೊಟ್ಟುಬಿಡಿ ಅನ್ನುತ್ತಾಳೆ ಹೆಂಡತಿ. ಹೂಂ ಅನ್ನುತ್ತೇನೆ, ಇಳಿಸಿ ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ.