ಕುಡಿದದ್ದೇನು, ತಿಂದದ್ದೇನು?

1981ರ ಜುಲೈ. ಅಗ್ಗದ ಸಾರಾಯಿ ಕುಡಿದವರು ಬೆಂಗಳೂರಿನ ಆಸ್ಪತ್ರೆಗಳಿಗೆ ಒಬ್ಬರ ಹಿಂದೊಬ್ಬರಂತೆ ಬಂದರು. ಸತ್ತವರು ಮುನ್ನೂರಕ್ಕೂ ಹೆಚ್ಚು. ಸಾರಾಯಿಗೆ ಬೆರೆಸಿದ್ದು ಮಿಥೈಲ್ ಆಲ್ಕೋಹಾಲ್. ಅದು ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರಕ್ಕೇ ಕೈಹಾಕುತ್ತದೆ. ಇದಕ್ಕಿರುವ ಮದ್ದುಗಳಲ್ಲಿ ಒಂದು, ನಂಬಲು ಕಷ್ಟವಾದರೂ, ಮದ್ಯವೇ. ಶುದ್ಧ ಎಥನಾಲ್ ಕೊಟ್ಟರೆ ಯಕೃತ್ತು ಮೊದಲು ಅದರ ಹಿಂದೆ ಬೀಳುತ್ತದೆ, ಮಿಥೈಲ್ ಆಲ್ಕೋಹಾಲ್ ಆಮ್ಲವಾಗುವುದು ತಡವಾಗುತ್ತದೆ. ಆದರೆ ಎಷ್ಟು ಕೊಡಬೇಕು, ಎಷ್ಟು ಹೊತ್ತು? ನಡುರಾತ್ರಿ ದಪ್ಪ ಪುಸ್ತಕ ತೆರೆದು ಕೂರುವ ಪುರುಸೊತ್ತು ಯಾವ ಡ್ಯೂಟಿ ಡಾಕ್ಟರಿಗೂ ಇರುವುದಿಲ್ಲ.

ಈ ಪೇಚಿಗೆ ದಾರಿ ಹುಡುಕಿದವರಲ್ಲಿ ಮೊದಲಿಗರೊಬ್ಬರು ವೈದ್ಯರಲ್ಲ, ಫಾರ್ಮಸಿಸ್ಟ್. ಷಿಕಾಗೊದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ಲೂಯಿ ಗ್ಡಾಲ್‌ಮನ್, ಯಾವ ಸಾಮಾನಿನಲ್ಲಿ ಯಾವ ವಿಷವಿದೆ ಎಂದು ಕಾರ್ಡುಗಳಲ್ಲಿ ಬರೆದಿಟ್ಟುಕೊಂಡು ಕೇಳಿದ ವೈದ್ಯರಿಗೆ ಹೇಳುತ್ತಿದ್ದರು. ಅಮೆರಿಕದ ಮೊದಲ ವಿಷ ನಿಯಂತ್ರಣ ಕೇಂದ್ರ 1953ರಲ್ಲಿ ಶುರುವಾದದ್ದೂ ಅದೇ ಊರಿನಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ವಿಷ ಮಾಹಿತಿ ಸೇವೆ 1963ರದು. ಎಡಿನ್‌ಬರೊದ ಡಾ. ಅಲೆಕ್ಸ್ ಪ್ರೌಡ್‌ಫುಟ್ 1983ರಲ್ಲಿ ಈ ಮಾಹಿತಿಯನ್ನು ಕಂಪ್ಯೂಟರಿಗೆ ಏರಿಸಿದರು. ಅದೇ ಟಾಕ್ಸ್‌ಬೇಸ್. 1999ರಲ್ಲಿ ಅದು ಇಂಟರ್ನೆಟ್ಟಿಗೆ ಬಂತು. ಅಲ್ಲಿನ ವೈದ್ಯರು ಮೊದಲು ಪರದೆ ನೋಡುತ್ತಾರೆ, ಬಗೆಹರಿಯದ ಕೇಸಿಗೆ ಮಾತ್ರ ಫೋನ್ ಎತ್ತುತ್ತಾರೆ.

ನಮ್ಮಲ್ಲಿ ದೆಹಲಿಯ ಏಮ್ಸ್ 1995ರಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ತೆರೆಯಿತು.

ಎಲ್ಲ ವಿಷವೂ ಗುರುತು ಮುಚ್ಚಿಡುವುದಿಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದವರಲ್ಲಿ 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರನ್ನು ಮೈಸೂರಿಗೆ ಸಾಗಿಸಬೇಕಾಯಿತು. ಅನ್ನಕ್ಕೆ ಬೆರೆಸಿದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಆ ಜಾತಿಯ ವಿಷ ವಾಂತಿ, ಬೆವರು, ಬಾಯಲ್ಲಿ ನೊರೆ, ಸಾಸಿವೆಯಷ್ಟು ಕಿರಿದಾದ ಕಣ್ಣಪಾಪೆಗಳಲ್ಲಿ ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಪ್ರಯೋಗಾಲಯದ ವರದಿಗೆ ಕಾಯದೆ ಆಟ್ರೊಪಿನ್ ಶುರುಮಾಡಬಹುದು.

ಇಲಿ ಪೇಸ್ಟ್ ಹಾಗಲ್ಲ. ಹಳದಿ ರಂಜಕ ಬೆರೆತ ಪೇಸ್ಟ್ ತಿಂದವರು ಒಂದೆರಡು ದಿನ ವಾಂತಿ ನಿಂತು, ಊಟ ಕೇಳಿ, ಮನೆಗೆ ಹೋಗುತ್ತೇನೆ ಎನ್ನುವಷ್ಟು ಚೇತರಿಸಿಕೊಂಡಂತೆ ಕಾಣಬಹುದು. ಆಮೇಲೆ ಯಕೃತ್ತು ಕೈಕೊಡುತ್ತದೆ. ಅದಕ್ಕೆಂದೇ ಇರುವ ಪ್ರತಿವಿಷವೂ ಇಲ್ಲ. ಇನ್ನೊಂದು ಬಗೆಯ ಇಲಿ ಪಾಷಾಣ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದಕ್ಕೆ ವಿಟಮಿನ್ ಕೆ ಇದೆ. ಹೆಸರು ಎರಡಕ್ಕೂ ‘ಇಲಿ ಔಷಧಿ’ಯೇ! ಇಂಥ ಕಡೆ ವೈದ್ಯರಿಗೆ ಮಾಹಿತಿ ಕೇಂದ್ರದ ನೆರವು ಹೆಚ್ಚು ಬೇಕಾಗುತ್ತದೆ, ಆದರೆ ಬ್ರ್ಯಾಂಡಿನ ಹೆಸರು ಗೊತ್ತಿಲ್ಲದಿದ್ದರೆ ಯಾವ ಕಂಪ್ಯೂಟರೂ ಪೂರ್ತಿ ಉತ್ತರ ಕೊಡಲಾರದು.

ವಿಷದ ಭಯ ನಗರದ ಮನೆಗಳಿಗೂ ತಪ್ಪಿದ್ದಲ್ಲ. ಹೊಲಗದ್ದೆಗಳ ಹಳ್ಳಿಯಾಗಿದ್ದ ಬೆಂಗಳೂರಿನ ಉತ್ತರಹಳ್ಳಿ ಈಗ ಲೇಔಟು, ಅಪಾರ್ಟ್‌ಮೆಂಟುಗಳ ಊರು. ಬೆಳೆಗೆ ಹೊಡೆಯುವ ಔಷಧಿಯ ಡಬ್ಬ ಇಲ್ಲಿನ ಮನೆಗಳಲ್ಲಿ ಅಪರೂಪ. ಸೊಳ್ಳೆ ಓಡಿಸುವ ದ್ರಾವಣ, ಟಾಯ್ಲೆಟ್ ಕ್ಲೀನರ್, ಜಿರಳೆ ಸ್ಪ್ರೇ, ಅಜ್ಜಿಯ ಬಿಪಿ ಮಾತ್ರೆ ಮಾತ್ರ ಮಗುವಿನ ಕೈಗೆಟುಕುವಷ್ಟು ದೂರದಲ್ಲೇ ಇರುತ್ತವೆ. ಮಗು ಇಂಥದ್ದೇನಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆಮ್ಲವಾಗಿದ್ದರೆ ಗಂಟಲು ಎರಡನೇ ಸಲ ಸುಡುತ್ತದೆ. ಬಾಟಲಿ, ಪೊಟ್ಟಣ, ಮಾತ್ರೆಯ ಸ್ಟ್ರಿಪ್, ಏನು ಸಿಕ್ಕರೂ ಎತ್ತಿಕೊಂಡೇ ಆಸ್ಪತ್ರೆಗೆ ಓಡಿ. ಏಮ್ಸ್ ಕೇಂದ್ರದ ಉಚಿತ ದೂರವಾಣಿ 1800 116 117. ದಿನದ 24 ಗಂಟೆಯೂ ವೈದ್ಯರಿಗಷ್ಟೇ ಅಲ್ಲ, ಸಾರ್ವಜನಿಕರಿಗೂ ಉತ್ತರ ಕೊಡುತ್ತಾರೆ.